ಕುಷ್ಟಗಿ ಬಸ್ಸಿನಲ್ಲಿ ಕಲಿತ ಗಣಿತ

ನಾನು ಸಸ್ಯಶಾಸ್ತ್ರ ಆರಿಸಿಕೊಂಡದ್ದು ಗಿಡಮರಗಳ ಮೇಲಿನ ಪ್ರೀತಿಯಿಂದ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ನಿಜ ಏನೆಂದರೆ, ಗಣಿತವಿಲ್ಲದ ವಿಭಾಗ ಯಾವುದು ಎಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಅದೊಂದೇ. ಹತ್ತನೇ ತರಗತಿ ಮುಗಿದ ದಿನವೇ ನಾನೂ ಗಣಿತವೂ ಜಗಳವಿಲ್ಲದೆ ಬೇರೆಯಾದೆವು. ಆಮೇಲೆ ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಎಲೆ, ಬೇರು, ಹೂವು, ಬೀಜ ಎಂದು ಪಾಠ ಹೇಳುತ್ತ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಯಿತು.

ಹೀಗಿರುವಾಗ ಹೊಸ ಪಠ್ಯಕ್ರಮ ಬಂತು. ಅದರಲ್ಲಿ "ಜೀವವಿಜ್ಞಾನದಲ್ಲಿ ವೈಜ್ಞಾನಿಕ ಮಾದರಿಗಳ ರಚನೆ" ಎಂಬ ಒಂದು ಪತ್ರಿಕೆ ಇತ್ತು. ಲೋಕದ ಒಂದು ತುಣುಕನ್ನು ಲೆಕ್ಕದಲ್ಲಿ ಬರೆದು, ಮುಂದೆ ಏನಾಗುತ್ತದೆ ಎಂದು ಹೇಳಿ, ನಿಜಕ್ಕೂ ಹಾಗೇ ಆಯಿತೇ ಎಂದು ತಾಳೆ ನೋಡುವುದು ಅದರ ಉದ್ದೇಶ. ಗಣಿತದ ಸಹೋದ್ಯೋಗಿ ಅದರಲ್ಲಿ "ಜೀವ" ಎಂಬ ಪದ ಕಂಡು, "ಇದು ನಮ್ಮದಲ್ರಿ" ಎಂದು ಕೈ ಮುಗಿದರು. ಯಲಬುರ್ಗಾದಿಂದ ಬರುವ ಪ್ರಾಣಿಶಾಸ್ತ್ರದವರು ಒಳಗೆ ಸಮೀಕರಣ ಕಂಡರು. ಅವರಿಗೆ ಅದೇ ವಾರ ರಕ್ತದೊತ್ತಡ ಶುರುವಾಯಿತು. ಉಳಿದದ್ದು ನಾನು. ಪ್ರಿನ್ಸಿಪಾಲರು ನನ್ನನ್ನು ಕರೆದು ಚಹಾ ತರಿಸಿದರು. ನಮ್ಮ ಪ್ರಿನ್ಸಿಪಾಲರು ಚಹಾ ತರಿಸಿದರೆಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

"ಮೇಡಂ, ನೀವು ಗಿಡ ಬೆಳಸ್ತೀರಿ. ನಿಮಗ ಮಾಡಲ್ ಏನು ದೊಡ್ಡದ್ರಿ?"

"ಸರ್, ನನಗ ಲೆಕ್ಕ ಬರಂಗಿಲ್ರಿ."

"ಕಾರ್ಯಾಗಾರ ಐತಲ್ರಿ ಕೊಪ್ಪಳದಾಗ. ಹೋಗಿ ಬರ್ರಿ. ಊಟ ಛಲೋ ಇರತೈತಿ."

ಊಟ ಛಲೋ ಇತ್ತು, ಅದರಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಕೊಪ್ಪಳದ ಆ ಸಭಾಂಗಣದಲ್ಲಿ ಒಬ್ಬ ತಜ್ಞರು ಪರದೆಯ ಮೇಲಿದ್ದುದನ್ನು ಓದಿ ಹೇಳಿದರು. ನಮಗೂ ಓದಲು ಬರುತ್ತದೆ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮಗೆಲ್ಲ ಒಂದು ಚೀಲ, ಒಂದು ಪೆನ್ನು, ಮತ್ತು ಮಾದರಿ ರಚನೆಯಲ್ಲಿ ಪರಿಣತಿ ಪಡೆದಿದ್ದೇವೆ ಎಂಬ ಪ್ರಮಾಣಪತ್ರ ಸಿಕ್ಕಿತು. ಪೆನ್ನು ಬರೆಯಲಿಲ್ಲ. ಪರಿಣತಿಯ ಸ್ಥಿತಿಯೂ ಅದೇ.

ರಜೆಯಲ್ಲಿ ಮನೆಯಲ್ಲೇ ಕಲಿತುಬಿಡೋಣ ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿದೆ. "ಇದಕ್ಕೆ ಯಾವ ಪೂರ್ವಸಿದ್ಧತೆಯೂ ಬೇಡ, ಕುತೂಹಲವಿದ್ದರೆ ಸಾಕು" ಎಂದು ಒಬ್ಬ ಹುಡುಗ ನಕ್ಕ. ಚಹಾಕ್ಕೆ ಹಾಲು ಉಕ್ಕುವಷ್ಟರಲ್ಲಿ, "ನಿಮಗೆ ಗೊತ್ತಿರುವ ಹಾಗೆ, ಇದೊಂದು ಅವಕಲ ಸಮೀಕರಣ" ಎಂದ. ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಇನ್ನೊಂದು ವಿಡಿಯೋ ಹಾಕಿದೆ. ಅವರು ಮೊದಲು ಕ್ಯಾಲ್ಕುಲಸ್ ನೋಡಿ ಬನ್ನಿ ಎಂದರು. ಕ್ಯಾಲ್ಕುಲಸ್ಸಿನವರು ಲಾಗರಿದಂ ಕಲಿತು ಬನ್ನಿ ಎಂದರು. ಲಾಗರಿದಮ್ಮಿನವರು ಘಾತಾಂಕಕ್ಕೆ ಕಳಿಸಿದರು, ಘಾತಾಂಕದವರು ಭಿನ್ನರಾಶಿಗೆ. ಸರ್ಕಾರಿ ಕಚೇರಿಯಲ್ಲಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳಿಸುವ ಹಾಗೆ ಕಳಿಸಿ ಕಳಿಸಿ, ಸಂಜೆಯ ಹೊತ್ತಿಗೆ ನನ್ನನ್ನು ಆರನೇ ತರಗತಿಯ ಪಾಠದ ಮುಂದೆ ಕೂರಿಸಿದ್ದರು. ಬಟ್ಟೆ ಅಂಗಡಿ ಮುಚ್ಚಿ ಬಂದ ನನ್ನ ಯಜಮಾನರು ನನ್ನ ಹಿಂದೆ ನಿಂತು ನೋಡಿದರು. ಪರದೆಯ ಮೇಲೆ ಒಂದು ಕಾರ್ಟೂನು ಮೊಲ ರೊಟ್ಟಿಯನ್ನು ಕಾಲುಭಾಗ ಮಾಡುತ್ತಿತ್ತು.

"ಇನ್ನೊಂದು ತಾಸು ಹಿಂಗ ನೋಡಿದ್ರ ಅಂಗನವಾಡಿಗೆ ಮುಟ್ಟತಿ ನೋಡು" ಎಂದರು.

ಆ ರಾತ್ರಿ ಊಟಕ್ಕೆ ಬಡಿಸುವಾಗಲೇ ನಿರ್ಧಾರ ಮಾಡಿದೆ. ಕುಷ್ಟಗಿಯಲ್ಲಿ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಅಕ್ಕೋರು ಇದ್ದಾರೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ನಿವೃತ್ತರಾದ ಮೇಲೆ ತಂಗಿಯ ಕುಟುಂಬದೊಂದಿಗೆ ಇದ್ದಾರೆ. ನಾನು ಓದುವಾಗ ಅವರ ತರಗತಿಯಲ್ಲಿ ಯಾರೂ ಅಳುತ್ತಿರಲಿಲ್ಲ; ಅಳಲು ಧೈರ್ಯ ಬೇಕಲ್ಲ.

ಭಾನುವಾರ ಬೆಳಿಗ್ಗೆ ಗಂಗಾವತಿಯಿಂದ ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ ಹೋದೆ. ಅಕ್ಕೋರು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಒಂದೊಂದು ಸಾಲೂ ಗೆರೆ ಹೊಡೆದ ಹಾಗಿತ್ತು. ನನ್ನನ್ನು ನೋಡಿದ ಕೂಡಲೆ ಗುರುತು ಹಿಡಿದರು, ಅದು ನನಗೆ ಅಷ್ಟು ಒಳ್ಳೆಯ ಸೂಚನೆಯಾಗಿ ಕಾಣಲಿಲ್ಲ.

"ಬಾರವ್ವ. ಲೆಕ್ಕಕ್ಕ ಅಂಜಿ ಗಿಡದ ಹಿಂದ ಅಡಗಿದಾಕಿ ನೀನ ಅಲ್ಲ?"

"ಹೌದ್ರಿ ಅಕ್ಕೋರ."

"ಈಗ ಯಾಕ ಹೊರಗ ಬಂದಿ?"

ಎಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡು ಕುಳಿತರು, ನನಗೂ ಕೂರಲು ಹೇಳಿದರು. ನಾನು ಕ್ಯಾಲ್ಕುಲಸ್ ಪುಸ್ತಕ ತೆಗೆದೆ. ಅದನ್ನು ತೆಗೆದುಕೊಂಡು, ಗಾಳಿಗೆ ಹಾರುತ್ತಿದ್ದ ಸೀರೆಯ ಅಂಚಿನ ಮೇಲೆ ಇಟ್ಟರು. ಆ ಬೇಸಿಗೆಯೆಲ್ಲ ಆ ಪುಸ್ತಕ ಅದೇ ಕೆಲಸ ಮಾಡಿತು.

"ಈ ಮಾಳಗಿ ಮ್ಯಾಲ ಎಷ್ಟು ಸಂಡಿಗಿ ಹಿಡೀತಾವ, ಅಂದಾಜು ಹೇಳು."

ನಾನು ತೋಚಿದ್ದು ಹೇಳಿದೆ: "ಐದು ನೂರು."

"ಯಾಕ ಐದು ನೂರು?"

"ಹಂಗ ಅನಿಸ್ತ್ರಿ."

"ಅನಿಸೋದು ಕವಿಗಳಿಗೆ. ಒಂದು ಸಾಲಿನ್ಯಾಗ ಎಷ್ಟು? ಅಂಥಾ ಸಾಲು ಎಷ್ಟು?" ಲೆಕ್ಕ ಹಾಕಿ ಹೇಳಿದೆ. ನಾನು ಮೊದಲು ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂತು. ಆಮೇಲೆ ಮಾಳಿಗೆಯ ಉದ್ದ ಕೇಳಿದರು. "ಮೂವತ್ತು" ಎಂದೆ.

"ಮೂವತ್ತು ಏನು? ಎಮ್ಮೀನೋ, ಮೈಲೋ?"

"ಫೂಟ್ರಿ."

"ಕಾಲೇಜಿನ್ಯಾಗ ಕಲಸಾಕಿ, ಅಂಕಿ ಹಿಂದ ಏನೂ ಹಚ್ಚಲಾರದ ಬಿಡ್ತಿ. ಬತ್ತಲ ಅಂಕಿನ ಮಂದಿಯೊಳಗ ಕಳಸಬ್ಯಾಡ."

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಪ್ರಶ್ನೆ ಕೇಳುವಾಗ ಎದ್ದು ನಿಲ್ಲುತ್ತಾರೆ. ಆ ಮಾಳಿಗೆಯ ಮೇಲೆ ನಾನು ಮತ್ತೆ ಎರಡು ಜಡೆಯ ಹುಡುಗಿಯಾಗಿದ್ದೆ, ಮಂಡಿಯ ನೋವು ಮಾತ್ರ ಹೊಸದು.

ಸಂಜೆಯಾದರೂ ಸಮೀಕರಣದ ಸುಳಿವಿಲ್ಲ. ಕೊನೆಗೆ ನಾನೇ ಕೇಳಿದೆ: "ಅಕ್ಕೋರ, ಮಾಡಲ್ ಯಾವಾಗ ಕಲಸ್ತೀರಿ?"

"ಗಂಗಾವತಿಯಿಂದ ಬಸ್ಸಿನ್ಯಾಗ ಬಂದಿಯಲ್ಲ, ಕನಕಗಿರ್ಯಾಗ ಎಷ್ಟು ಮಂದಿ ಇಳದ್ರು?"

"ನಿದ್ದಿ ಹತ್ತಿತ್ರಿ."

"ಮತ್ತ ಯಾವುದರ ಮಾಡಲ್ ಮಾಡ್ತಿ? ನಿದ್ದೀದಾ?" ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಚೌಕ ಬರೆದರು. ಒಂದು ಬಾಣ ಒಳಗೆ, ಒಂದು ಬಾಣ ಹೊರಗೆ. "ಇದು ಬಸ್ಸು. ಇಲ್ಲಿ ಹತ್ತತಾರ, ಇಲ್ಲಿ ಇಳೀತಾರ. ಒಳಗಿನ ಮಂದಿ ಎಷ್ಟು ಬದಲಾತು? ಹತ್ತಿದವರೊಳಗ ಇಳದವರನ್ನ ಕಳಿ."

"ಇಷ್ಟ ಏನ್ರಿ?"

"ಇಷ್ಟ. ಇದನ್ನ ನಿನ್ನ ಮೊಬೈಲಿನ ಹುಡುಗ ಇಂಗ್ಲಿಷ್ ಅಕ್ಷರದಾಗ ಬರದಾನ. ಅದಕ್ಕ ನಿನಗ ಜ್ವರ ಬಂದೈತಿ. ಇನ್ನ, ಹತ್ತೋರು ಯಾವುದರ ಮ್ಯಾಲ ಹೆಚ್ಚುಕಮ್ಮಿ ಆಗತಾರ?"

ಸ್ವಲ್ಪ ಯೋಚಿಸಿದೆ. "ಹಿಂದಿನ ಬಸ್ ಹೋಗಿ ಎಷ್ಟು ಹೊತ್ತಾತು ಅನ್ನೋದ್ರ ಮ್ಯಾಲ?"

ಅಕ್ಕೋರು ಹೌದು ಎನ್ನಲಿಲ್ಲ. ಆದರೆ ತಂಗಿಯನ್ನು ಕೂಗಿ, "ಈಕಿಗೆ ಒಂದೀಟು ಮಜ್ಜಿಗಿ ಕೊಡವ್ವ" ಎಂದರು. ಹೈಸ್ಕೂಲಿನ ಮೂರು ವರ್ಷದಲ್ಲಿ ನನಗೆ ಇಂಥ ಗೌರವ ಸಿಕ್ಕಿರಲಿಲ್ಲ.

ಮುಂದಿನ ಭಾನುವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು, ಪೆನ್ನು ಹಿಡಿದು, ಪ್ರತಿ ನಿಲ್ದಾಣದಲ್ಲಿ ಹತ್ತಿದವರನ್ನೂ ಇಳಿದವರನ್ನೂ ಬರೆದುಕೊಳ್ಳತೊಡಗಿದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ನೋಡಿದವನು ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ ಬಸ್ಸಿನಲ್ಲಿ ಧರ್ಮರಾಜ್ಯ ಶುರುವಾಯಿತು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಕೊಡುವ ಝೀರೋ ಟಿಕೆಟನ್ನು ಅವನು ಒಬ್ಬೊಬ್ಬರ ಆಧಾರ್ ಕಾರ್ಡು ನೋಡಿ, ಫೋಟೋವನ್ನೂ ಮುಖವನ್ನೂ ಹೋಲಿಸಿ ಕೊಡತೊಡಗಿದ. ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಒಬ್ಬ ಹೆಣ್ಣುಮಗಳು ಸಿಟ್ಟಿಗೆದ್ದಳು.

"ದಿನಾ ಇದ ಬಸ್ಸಿಗೆ ಬರ್ತೀನಿ. ಇವತ್ತ ಏನು ನನ್ನ ಮಾರಿ ಬದಲಾಗೈತೇನು?"

ಕಂಡಕ್ಟರ್ ಕಣ್ಣಿನಿಂದಲೇ ನನ್ನ ಕಡೆ ತೋರಿಸಿದ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಡ್ರೈವರ್ ಜನ ಕೈ ಮಾಡಿದಲ್ಲೆಲ್ಲ ನಿಲ್ಲಿಸಿದ, ಮುದುಕರು ಹತ್ತುವವರೆಗೆ ಕಾದ, ಒಂದು ಕಡೆ ಕುರಿಗಳು ರಸ್ತೆ ದಾಟುವಾಗ ಹಾರ್ನ್ ಕೂಡ ಮಾಡಲಿಲ್ಲ. ತಾವರಗೇರಾ ಹತ್ತಿರ ಕಂಡಕ್ಟರ್ ಬಂದು ಬಾಗಿ ಕೇಳಿದ:

"ತಾವು ಯಾವ ಆಫೀಸಿನಿಂದ ಬಂದೀರಿ ಮೇಡಂ?"

"ಯಾವ ಆಫೀಸೂ ಅಲ್ರಿ. ನಾನು ಲೆಕ್ಕ ಕಲಿಯಾಕತ್ತೀನಿ."

ಅವನು ನನ್ನ ಬಿಳಿ ಕೂದಲು ನೋಡಿದ. ನಾನು ಚೆಕಿಂಗಿನವಳಾಗಿದ್ದರೂ ಅವನಿಗೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ. "ಈ ವಯಸ್ಸಿನ್ಯಾಗ ಯಾಕ್ರಿ" ಎಂದು ಗುಂಡಿ ಬಿಚ್ಚಿಕೊಂಡು ಮುಂದೆ ಹೋದ. ಮುಂದಿನ ನಿಲ್ದಾಣದಲ್ಲಿ ಕೈ ಮಾಡಿದವರನ್ನು ದಾಟಿಕೊಂಡೇ ಬಸ್ಸು ಹೋಯಿತು.

ಅಕ್ಕೋರಿಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀ ಬಸ್ಸನ್ನ ಅಳೀಲಿಲ್ಲ, ನಿನ್ನ ಪೆನ್ನಿಗೆ ಅಂಜಿದ ಬಸ್ಸನ್ನ ಅಳದಿ. ಆ ಅಂಕಿ ಒಗಿ. ಮುಂದಿನ ಸಲ ಮೊಬೈಲಿನ್ಯಾಗ ಹಾಕ್ಕೋ. ಮೊಬೈಲ್ ನೋಡೋರಿಗೆ ಈ ದೇಶದಾಗ ಯಾರೂ ಅಂಜಂಗಿಲ್ಲ."

ಹಾಗೆಯೇ ಮಾಡಿದೆ. ಕೆಲವು ಭಾನುವಾರಗಳಲ್ಲಿ ಅಂಕಿಗಳು ಕೂಡಿದವು. ಅವುಗಳನ್ನು ಗ್ರಾಫಿನ ಮೇಲೆ ಇಡುವುದನ್ನು, ಚುಕ್ಕಿಗಳ ನಡುವೆ ಗೆರೆ ಎಳೆಯುವುದನ್ನು, ಗೆರೆ ಎಷ್ಟು ಕಡಿದಾಗಿದೆ ಎಂದು ಓದುವುದನ್ನು ಅಕ್ಕೋರು ಕಲಿಸಿದರು. ನಾನು ಅಂಜುತ್ತಿದ್ದ ಕ್ಯಾಲ್ಕುಲಸ್ಸಿನ ಬಾಗಿಲು ಆ ಕಡಿದಾದ ಗೆರೆಯೇ ಎಂದು ಅವರು ಹೇಳಿದ್ದು ತಿಂಗಳಾದ ಮೇಲೆ. ಮೊದಲೇ ಹೇಳಿದ್ದರೆ ನಾನು ಒಳಗೆ ಕಾಲಿಡುತ್ತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು.

ಕೊನೆಗೆ ನನ್ನದೇ ಒಂದು ಪುಟ್ಟ ಮಾದರಿ ಸಿದ್ಧವಾಯಿತು. ಯಾವ ನಿಲ್ದಾಣದಲ್ಲಿ ಬಸ್ಸಿನೊಳಗೆ ಎಷ್ಟು ಜನ ಇರುತ್ತಾರೆ ಎಂದು ಅದು ಮುಂಚೆಯೇ ಹೇಳುತ್ತಿತ್ತು. ಎರಡು ಸಲ ಹೆಚ್ಚುಕಡಿಮೆ ಸರಿಯೂ ಬಂತು. ನನ್ನ ನಡಿಗೆಯೇ ಬದಲಾಯಿತು. ಯಜಮಾನರನ್ನು, "ಈ ಭಾನುವಾರ ನೀವೂ ಬರ್ರಿ, ಕನಕಗಿರಿ ದಾಟಿದ ಮ್ಯಾಲ ಆರಾಮ ಕುಂತು ಹೋಗಬಹುದು. ಲೆಕ್ಕ ಹಾಕೀನಿ" ಎಂದು ಕರೆದುಕೊಂಡು ಹೊರಟೆ.

ಕನಕಗಿರಿಯಲ್ಲಿ ಒಂದು ಇಡೀ ಮದುವೆಯ ದಿಬ್ಬಣ ಹತ್ತಿತು. ಹಿತ್ತಾಳೆ ಕೊಡಗಳು, ಹಾಸಿಗೆಯ ಸುರುಳಿ, ಬಾಸಿಂಗದ ಡಬ್ಬಿ, ಅಳುವ ಕೂಸುಗಳು, ನಗುವ ಬೀಗರು. ಸೀಟಿನಲ್ಲಿದ್ದ ನನ್ನ ಯಜಮಾನರು ಒಬ್ಬ ಮುದುಕಿಗೆ ಜಾಗ ಕೊಟ್ಟು ಎದ್ದರು. ಆಮೇಲೆ ಯಾರೋ ಅವರ ಕೈಗೆ ಒಂದು ಕೊಡ ಕೊಟ್ಟರು. ಕುಷ್ಟಗಿಯವರೆಗೂ ಅವರು ಅದನ್ನು ಎದೆಗವಚಿಕೊಂಡು ಒಂಟಿ ಕಾಲಲ್ಲಿ ನಿಂತಿದ್ದರು.

"ನಿನ್ನ ಮಾಡಲ್‌ನ್ಯಾಗ ಈ ಕೊಡ ಎಲ್ಲಿ ಇಡಬೇಕಂತ ಐತಿ, ಸ್ವಲ್ಪ ನೋಡಿ ಹೇಳು" ಎಂದು ಜನರ ತಲೆಗಳ ಮೇಲಿಂದ ಕೇಳಿದರು.

ಮಾಳಿಗೆಯ ಮೇಲೆ ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತೆ. ಅಕ್ಕೋರಿಗೆ ಮಾತ್ರ ಹಬ್ಬ. "ಲಗ್ನದ ಹಂಗಾಮು ಅಂತ ನಿನಗ ಗೊತ್ತಿದ್ದಿಲ್ಲೇನು? ಕೊಳ್ಳಾಗ ತಾಳಿ ಐತಲ್ಲ" ಎಂದರು. ಆಮೇಲೆ ದನಿ ಇಳಿಸಿ ಹೇಳಿದರು: "ತಪ್ಪಾಗಲಿ. ಎಲ್ಲಿ ತಪ್ಪಾತು ಅಂತ ಹೇಳಾಕ ಬರತೈತಲ್ಲ ನಿನಗ ಈಗ. ಮೊದಲು ಅದೂ ಬರತಿದ್ದಿಲ್ಲ."

ಕಾಲೇಜು ಶುರುವಾಯಿತು. ಮೊದಲ ಪಿರಿಯಡ್ಡೇ ನನ್ನ ಹೊಸ ಪತ್ರಿಕೆ. ಮಾದರಿ ಎಂದರೆ ಏನು ಎಂದು ಯಾರಿಗೂ ತಿಳಿಯದಿದ್ದರೂ ಏನು ಬೇಕಾಗುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು: ಎಂಟು ಜನ ಥರ್ಮೋಕೋಲ್ ತಂದಿದ್ದರು. ಒಬ್ಬ ಬಣ್ಣದ ಡಬ್ಬಿಯನ್ನೂ ತಂದಿದ್ದ. ಅದನ್ನೆಲ್ಲ ಗೋಡೆಗೆ ಒರಗಿಸಿ ಇಡಲು ಹೇಳಿ, ಹಲಗೆಯ ಮೇಲೆ ಚೌಕ ಬರೆದೆ, ಎರಡು ಬಾಣ ಹಾಕಿದೆ, ಬಸ್ಸಿನ ಕತೆ ಹೇಳಿದೆ. ಮೊದಲು ನಕ್ಕರು. ಆಮೇಲೆ ಹತ್ತುವವರು ಯಾಕೆ ಹೆಚ್ಚುತ್ತಾರೆ ಎಂದು ತಾವೇ ವಾದಕ್ಕೆ ಬಿದ್ದರು. ಸಂತೆ, ಅಮಾವಾಸ್ಯೆ, ಭತ್ತದ ನಾಟಿ, ಸಾಣಾಪುರದ ಕೆರೆ ನೋಡಲು ಬರುವ ಪ್ರವಾಸಿಗರು, ಎಲ್ಲವೂ ಹಲಗೆಗೆ ಬಂದವು. ಇಷ್ಟು ಗದ್ದಲದ ತರಗತಿ ನನ್ನ ಎಲೆ ಬೇರುಗಳ ಕಾಲದಲ್ಲಿ ಎಂದೂ ಆಗಿರಲಿಲ್ಲ.

ಪಿರಿಯಡ್ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿನಿ ಬಂದು ನಿಂತಳು. ಕನಕಗಿರಿ ರಸ್ತೆಯ ಒಂದು ಸಣ್ಣ ಹಳ್ಳಿಯಿಂದ ಬರುವವಳು. ಮೊದಲ ಪಿರಿಯಡ್ಡಿಗೆ ಆಕೆ ಬರುವುದೇ ಇಲ್ಲ ಎಂದು ಎಲ್ಲ ಅಧ್ಯಾಪಕರೂ ದೂರುತ್ತಿದ್ದರು. ಹಿಂದಿನ ವರ್ಷ ನಾನೂ ಆ ದೂರಿಗೆ ದನಿ ಸೇರಿಸಿದ್ದೆ. ಒಳಗೆ ಬಂದು ಕುಳಿತು ಹಲಗೆಯನ್ನು ನೋಡಿದಳು.

"ಮೇಡಂ, ಇದು ಬಸ್ಸೇನ್ರಿ?"

"ಹೌದು."

"ಇದರಾಗ ನಾವು ಎಲ್ಲಿ ಅದೀವ್ರಿ?"

"ಹತ್ತೋರ ಬಾಣದಾಗ."

"ಹತ್ತಿದ್ರ ಅಲ್ರಿ? ಬಸ್ ಕನಕಗಿರ್ಯಾಗ ತುಂಬಿದ್ರ ನಮ್ಮೂರಾಗ ನಿಲ್ಲಸಂಗಿಲ್ರಿ. ನಾವು ಕೈ ಮಾಡ್ತೀವಿ, ಅದು ಹೋಗತೈತಿ. ಇವತ್ತೂ ಎರಡು ಬಸ್ ಹೋದವ್ರಿ."

ಆಕೆ ದೂರು ಹೇಳುತ್ತಿರಲಿಲ್ಲ, ಸುಮ್ಮನೆ ತಿಳಿಸುತ್ತಿದ್ದಳು. ಬೇಸಿಗೆಯೆಲ್ಲ ನಾನು ಬಸ್ಸಿನ ಒಳಗೆ ಕುಳಿತು ಎಣಿಸಿದ್ದೆ. ಒಳಗೆ ಬಂದವರು ಮಾತ್ರ ನನ್ನ ಲೆಕ್ಕದಲ್ಲಿ ಮನುಷ್ಯರು. ಕಿಟಕಿಯ ಹೊರಗೆ ಕೈ ಮಾಡಿ ಹಿಂದೆ ಉಳಿದವರನ್ನು ಕಂಡಿದ್ದೆ; ಆ ಭಾನುವಾರ ಗುಂಡಿ ಬಿಚ್ಚಿದ ಕಂಡಕ್ಟರನ ಬಗ್ಗೆ ಎಲ್ಲರಿಗೂ ತಮಾಷೆಯಾಗಿ ಹೇಳಿಯೂ ಇದ್ದೆ. ಅವರನ್ನು ಒಂದು ಅಂಕಿಯಾಗಿಯಾದರೂ ಬರೆದುಕೊಳ್ಳಬೇಕು ಎಂದು ಹೊಳೆದಿರಲಿಲ್ಲ.

ಸಂಜೆ ಅಕ್ಕೋರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದರು. ಆಮೇಲೆ, "ನನಗೂ ಹೊಳೀಲಿಲ್ಲ ನೋಡವ್ವ. ಆಕಿನ್ನ ಮುಂದಿನ ಬೆಂಚಿನ್ಯಾಗ ಕುಂದರಿಸು" ಎಂದರು. ಅಕ್ಕೋರು ತಮಗೆ ಹೊಳೆಯಲಿಲ್ಲ ಎಂದದ್ದನ್ನು ಕೇಳಿದವರು ಕುಷ್ಟಗಿ ತಾಲೂಕಿನಲ್ಲೇ ಇಲ್ಲ.

ಮುಂದಿನ ಎರಡು ವಾರ ಊರೂರಿನ ವಿದ್ಯಾರ್ಥಿಗಳು ತಂತಮ್ಮ ನಿಲ್ದಾಣದಲ್ಲಿ ನಿಂತು, ಎಷ್ಟು ಜನ ಕಾದರು, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು ಎಂದು ಎಣಿಸಿದರು. ಅವರು ಹೇಗಿದ್ದರೂ ಅಲ್ಲಿ ನಿಂತೇ ಇರುತ್ತಿದ್ದರು. ಈಗ ಅದಕ್ಕೆ ಪ್ರಾಯೋಗಿಕ ಪರೀಕ್ಷೆಯ ಅಂಕ ಸಿಕ್ಕಿತು. ಚೌಕದ ಪಕ್ಕದಲ್ಲಿ ಇನ್ನೊಂದು ಚೌಕ ಬರೆದೆವು: ರಸ್ತೆಯ ಪಕ್ಕದಲ್ಲಿ ಉಳಿದವರು. ಅದರ ಗ್ರಾಫು ಬೆಳಿಗ್ಗೆ ಏರಿ, ಹಿಂದಿನಿಂದ ಬರುವ ಖಾಲಿ ಬಸ್ಸಿನ ಹೊತ್ತಿಗೆ ಒಮ್ಮೆಲೇ ಇಳಿಯುತ್ತಿತ್ತು. ಮೊದಲ ಪಿರಿಯಡ್ ಅರ್ಧ ತಾಸು ತಡವಾಗಿ ಶುರುವಾದರೆ ಅವರಲ್ಲಿ ಬಹುತೇಕ ಎಲ್ಲರೂ ತರಗತಿಯಲ್ಲಿರುತ್ತಾರೆ ಎಂದು ನಮ್ಮ ಲೆಕ್ಕ ಹೇಳಿತು.

ಗ್ರಾಫು ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಭಾಳ ಛಲೋ ಮಾಡೀರಿ. ಬಣ್ಣಾನೂ ಛಲೋ ಅದಾವ."

"ಅರ್ಧ ತಾಸು ಮುಂದಕ್ಕ ಹಾಕಿದ್ರ ಸಾಕ್ರಿ ಸರ್."

"ಟೈಂಟೇಬಲ್ ಬದಲಿ ಮಾಡಾಕ ಬರಂಗಿಲ್ರಿ ಮೇಡಂ. ಲ್ಯಾಮಿನೇಷನ್ ಮಾಡಿಸೀವಿ."

ಅವರು ಗ್ರಾಫಿಗೂ ಒಂದು ಲ್ಯಾಮಿನೇಷನ್ ಮಾಡಿಸಿ ವರಾಂಡದಲ್ಲಿ ತೂಗುಹಾಕಿಸಿದರು. ಕಾಲೇಜು ನೋಡಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು: ನಮ್ಮ ಮಕ್ಕಳು ಕಾಲೇಜಿಗೆ ಬರಲು ಸಾಧ್ಯವಾಗದಿರುವುದರ ಸುಂದರ ಚಿತ್ರ.

ನಾನು ಇಂಗ್ಲಿಷ್ ಅಧ್ಯಾಪಕರ ಹತ್ತಿರ ಹೋದೆ. ಅವರ ಮನೆ ಕಾಲೇಜಿನ ಹಿಂದೆಯೇ ಇದೆ, ಎರಡನೇ ಪಿರಿಯಡ್ ಅವರದು.

"ಸರ್, ನಿಮ್ಮ ಪಿರಿಯಡ್ ನನಗ ಕೊಟ್ಟು ಮೊದಲಿಂದು ನೀವು ತೊಗೋರಿ. ಅದಕ್ಕ ಹುಡುಗರು ಕಮ್ಮಿ ಇರತಾರ, ಮೊದಲ ಹೇಳ್ತೀನಿ. ಪಾಠ ತಪ್ಪಿದವರಿಗೆ ನೀವು ಮಧ್ಯಾಹ್ನ ಮತ್ತೊಮ್ಮೆ ಹೇಳಬೇಕಾಗತೈತಿ."

"ನನ್ನದು ಮತ್ತೊಮ್ಮೆ ಹೇಳಿದ್ರೂ ತಿಳಿಯಂಗಿಲ್ರಿ, ನಿಮ್ಮದು ಹಂಗಲ್ಲ" ಎಂದು ಅವರು ನಗುತ್ತ ಒಪ್ಪಿದರು. ಲ್ಯಾಮಿನೇಷನ್ನಿನ ಟೈಂಟೇಬಲ್ ಗೋಡೆಯ ಮೇಲೆ ಹಾಗೆಯೇ ಇದೆ. ಅದರ ಪ್ರಕಾರ ನಾನು ಇಂದಿಗೂ ಮೊದಲ ಪಿರಿಯಡ್ ತೆಗೆದುಕೊಳ್ಳುತ್ತೇನೆ.

ಅದಲುಬದಲಾದ ಮೊದಲ ದಿನ ಎರಡನೇ ಬೆಲ್ಲಿಗೆ ತರಗತಿ ತುಂಬಿತ್ತು. ಕನಕಗಿರಿ ರಸ್ತೆಯ ಆ ವಿದ್ಯಾರ್ಥಿನಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಅಂದು ಕೆರೆಯಲ್ಲಿ ಪಾಚಿ ಬೆಳೆಯುವ ಮಾದರಿಯನ್ನು ಹೇಳಿದೆ. ಹಿಂದಿನ ಭಾನುವಾರವಷ್ಟೇ ಕುಷ್ಟಗಿಯಲ್ಲಿ ಅಕ್ಕೋರಿಂದ ಕಲಿತಿದ್ದೆ. ಗೆರೆ ಮೇಲೇರಿ, ಆಮೇಲೆ ನಿಧಾನವಾಗಿ ಬಾಗಿ ಮಲಗುತ್ತದೆ ಎಂದು ಬರೆದು ತೋರಿಸಿದೆ. ಆಕೆ ಎದ್ದು ನಿಂತು, ಅದು ಸರಿಯಾಗಿ ಯಾವ ಹೊತ್ತಿಗೆ ಬಾಗಲು ಶುರುವಾಗುತ್ತದೆ, ಅದನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದಳು.

"ಸೋಮವಾರ ಹೇಳ್ತೀನಿ. ನನಗ ಅದು ಇನ್ನೂ ಬರಂಗಿಲ್ಲ" ಎಂದೆ. ಆಕೆ ತಲೆಯಾಡಿಸಿ, ಪ್ರಶ್ನೆಯನ್ನು ಬರೆದುಕೊಂಡು ಕುಳಿತಳು.